ಒಂದು ಹಿಡಿ ತೌಡು

೧೧ ಮಾರ್ಚ್ ೧೯೩೫, ಸೋಮವಾರ

ಬೆಳಿಗ್ಗೆ ಏಳಕ್ಕೆ 'ಹದಿನೇಳು' ಎಂಬ ನಮ್ಮ ಆಕಳು ಕರು ಹಾಕಿತು. ಹೆಣ್ಣು. ತಾಯಿಯ ಹಾಗೆಯೇ ಬಿಳಿ ಮೈ, ಕಪ್ಪು ಮಚ್ಚೆ, ಹೆಗಲ ಮೇಲೆ ಹಿಣಿಲಿನ ಉಬ್ಬಿಲ್ಲ. ಇಲ್ಲಿ ಪುಣೆಯ ಲಷ್ಕರದ ಡೈರಿಯವರು ಲಿಲಾವು ಕೂಗಿ ಮಾರಿದಾಗ ತಂದ ಅರ್ಧ ವಿಲಾಯತಿ ಆಕಳು ಇದು. ತೊಡೆಯ ಮೇಲೆ ಬರೆ ಹಾಕಿದ್ದ ಅಂಕಿಯೇ ಹೆಸರಾಗಿ ಉಳಿದಿದೆ.

ಇದಕ್ಕಾಗಿ, ಅತ್ತೆ ಗೌರಾಬಾಯಿಯವರು ಕೃಷ್ಣಾ ತೀರದಿಂದ ತಂದಿದ್ದ ನಾಲ್ಕು ಆಕಳಲ್ಲಿ ಮೂರನ್ನು ಮಾರಿದೆವು. ಹಟ ನನ್ನದು. ನಮ್ಮವರು ಆಗಲಿ ಎಂದು ತಲೆಯಾಡಿಸಿದರು, ಅತ್ತೆ ಎಂಟು ದಿನ ನನ್ನೊಡನೆ ಮಾತು ಬಿಟ್ಟರು. ಓದುವ ಹುಡುಗರ ವಸತಿಗೃಹಕ್ಕೆ ದಿನವೂ ತಪ್ಪದೆ ಹಾಲು ಕೊಡಬೇಕು. ಕೃಷ್ಣಾ ತೀರದ ಆಕಳು ಮೂರು ಸೇರು ಕೊಟ್ಟು ಆರು ತಿಂಗಳಿಗೆ ಬತ್ತುತ್ತದೆ. ಇದು ಹನ್ನೆರಡು ಸೇರು, ಅದೂ ಹತ್ತು ತಿಂಗಳು. ಲೆಕ್ಕ ಬರುವವರು ಯಾರಾದರೂ ಇದನ್ನೇ ಆರಿಸುತ್ತಾರೆ. ಅತ್ತೆಯ ರೀತಿ ಬೇರೆ. ಆಕಳು ಆರಿಸುವಾಗ ಅವರು ಕೆಚ್ಚಲನ್ನು ನೋಡುವುದೇ ಇಲ್ಲ. ಹಣೆಯ ಸುಳಿ ನೋಡುತ್ತಾರೆ, ಹಿಣಿಲು ನೋಡುತ್ತಾರೆ, ಕೊನೆಗೆ ಆಕಳಿಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಾರೆ. ಅದು ತಾನಾಗಿ ಬಂದು ಮೂಸಿದರೆ ಮನೆಗೆ, ಇಲ್ಲದಿದ್ದರೆ ಇಲ್ಲ.

ಉಳಿದ ಒಂದು ಆಕಳು ಎಳೆಗರುವಿನ ಕೆಂಚಿ. ಅದನ್ನೂ ಹದಿನೇಳನ್ನೂ ಒಂದೇ ಗೋದಲಿಗೆ ಕಟ್ಟಲು ಅತ್ತೆ ಬಿಟ್ಟಿಲ್ಲ. ಕೊಟ್ಟಿಗೆಯ ನಡುವೆ ಗೋಡೆ ಹಾಕಿಸಿದ್ದಾರೆ. ಕೆಂಚಿಯನ್ನು ಹಿಂಡುವವರು ಅವರು, ಇದನ್ನು ನಾನು. ಸೋಮವಾರ ಲಿಂಗಕ್ಕೆ ಎರೆಯಲು ಕೆಂಚಿಯ ಹಾಲೇ ಆಗಬೇಕು. ಹಿಂಡುವ ಮೊದಲು ಅದರ ಹಿಣಿಲು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಇವತ್ತು ಗಿಣ್ಣದ ಹಾಲಿಗೂ ಜಗಳವಾಯಿತು. ನಮ್ಮ ಗೌಳಿ ಓಣಿಯಲ್ಲಿ ಕರು ಹಾಕಿದ ಆಕಳ ಗಿಣ್ಣ ಪಕ್ಕದ ಕೊಟ್ಟಿಗೆಗೆ ಹೋಗಬೇಕು. ಚರಿಗೆ ಖಾಲಿ ತಿರುಗಿ ಬರಬಾರದು. ಅವರ ಗೋದಲಿಯಿಂದ ಒಂದು ಹಿಡಿ ತೌಡು ಹಾಕಿ ಕಳಿಸುತ್ತಾರೆ, ಅದನ್ನು ಬಾಣಂತಿ ಆಕಳು ತಿನ್ನಬೇಕು. ಅಲ್ಲಿಗೆ ಓಣಿ ಅದನ್ನು ತನ್ನದೆಂದು ಒಪ್ಪಿದ ಹಾಗೆ.

"ಹಿಣಿಲಿಲ್ಲದ್ದರ ಗಿಣ್ಣ ಕಳಸ್ತೀಯೇನ? ಮಂದಿ ನಗತಾರ" ಎಂದರು ಅತ್ತೆ.

"ನಗಲಿ ತಗೋರಿ ಅತ್ತಿ. ಕರು ಹಾಕೇದೋ ಇಲ್ಲೋ?"

ನಾನೇ ಒಯ್ದೆ. ಪಕ್ಕದ ರಾಮಲಿಂಗಪ್ಪನವರು ನಗಲಿಲ್ಲ, ಎತ್ತಿನ ಗೋದಲಿಯಿಂದ ಹಿಡಿ ತುಂಬ ತೌಡು ಹಾಕಿಕೊಟ್ಟರು. ಚರಿಗೆಯನ್ನು ಕಟ್ಟೆಯ ಮೇಲಿಟ್ಟು, "ತಿನ್ನಸ್ರಿ ಅತ್ತಿ" ಎಂದು ಹೇಳಿ ಹಾಲು ಕೊಡಲು ಹೋದೆ. ತಿರುಗಿ ಬಂದಾಗ ಚರಿಗೆ ತೊಳೆದು ಬೋರಲು ಹಾಕಿತ್ತು. ಅತ್ತೆಯ ಕೈಯಿಂದಲೇ ತಿಂದಿತಲ್ಲ ಎಂದು ನನಗೆ ಭಾಳ ಸಂತೋಷವಾಯಿತು.

ಹಾಲು: ಕೆಂಚಿ ೩ ಸೇರು. ಹದಿನೇಳು, ಗಿಣ್ಣ.

೧೩ ಮಾರ್ಚ್, ಬುಧವಾರ

ರಾಮಲಿಂಗಪ್ಪನವರ ಎತ್ತು ಮಲಗಿಬಿಟ್ಟಿದೆ. ನಾನು ಗಿಣ್ಣದ ಎರಡನೆಯ ಚರಿಗೆ ಹಿಡಿದು ಹೋದರೆ ಬಾಗಿಲಲ್ಲೇ ಕೈ ಅಡ್ಡ ಮಾಡಿದರು.

"ಒಳಗ ಬರಬ್ಯಾಡ ತಂಗಿ. ದೊಡ್ಡ ಬ್ಯಾನಿ ಬಂದದ. ಬಿಸಲಿಗೆ ಬಳಲೇದ ಅಂತ ತಿಳದಿದ್ದೆ."

ದನದ ಈ ಅಂಟುಬ್ಯಾನಿಗೆ ಇಲ್ಲಿನವರು ಬುಳಕಾಂಡಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಅದು ಹೊಕ್ಕ ಕೊಟ್ಟಿಗೆಯಲ್ಲಿ ಆಮೇಲೆ ಹಗ್ಗ ಮಾತ್ರ ಉಳಿಯುತ್ತದೆ. ತೌಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಗೆ ಬಂದು ಕೈ ತೊಳೆದೆ. ಮತ್ತೆ ತೊಳೆದೆ. ನನ್ನ ಕೈ ತೊಳೆದರೆ ಆಕಳ ಹೊಟ್ಟೆಯೊಳಗಿನದು ಹೋಗುತ್ತದೆಯೇ?

೧೪ ಮಾರ್ಚ್, ಗುರುವಾರ

ದನದ ಡಾಕ್ಟರು ಮಧುಕರರಾವ್ ಬಂದರು. ಊರಿನ ತಳಿಗೆ ಸೂಜಿಮದ್ದು ಹಾಕಿದರೆ ಎರಡು ದಿನ ಜ್ವರ ಬಂದು ಹೋಗುತ್ತದೆ, ಆಮೇಲೆ ಭಯವಿಲ್ಲವಂತೆ. ಅರ್ಧ ವಿಲಾಯತಿಗೆ ಆ ಮದ್ದೇ ಬ್ಯಾನಿಯಾಗಬಹುದಂತೆ. ಬೇರೆ ಕಡೆ ಐದು ಇಂಥ ಆಕಳಿಗೆ ಹಾಕಿದ್ದರಲ್ಲಿ ಎರಡು ಸತ್ತವು. ಹಾಗೆಂದು ಹಾಕದೆ ಬಿಟ್ಟು, ಬ್ಯಾನಿ ತಗುಲಿದರೆ ಒಂದೂ ಉಳಿಯುವುದಿಲ್ಲ.

"ತುಮ್ಹೀಚ ಠರವಾ, ಬಾಯಿ" ಎಂದರು. ನೀವೇ ನಿರ್ಧರಿಸಿ ಎಂದು ಹೇಳುವುದು ಅವರಿಗೆ ಸುಲಭ. ಮದ್ದು ಸೋಮವಾರ ಬರುತ್ತದೆ, ಅಷ್ಟರಲ್ಲಿ ಯೋಚಿಸಬೇಕು. ಅಥಣಿಗೆ ಕಾಗದ ಬರೆದು ಉತ್ತರ ಬರುವ ಹೊತ್ತಿಗೆ ಸೋಮವಾರ ದಾಟಿರುತ್ತದೆ. ನಮ್ಮವರು ಅಲ್ಲಿ ಕಾಲು ಮುರಿದುಕೊಂಡ ಭಾವನ ಹೊಲದ ರಾಶಿ ಮುಗಿಸುತ್ತಿದ್ದಾರೆ.

ಹೋಗುವಾಗ ಡಾಕ್ಟರು ಇನ್ನೊಂದು ಕೇಳಿದರು. ಆ ಕೊಟ್ಟಿಗೆಯ ಮೇವು, ನೀರು, ಏನಾದರೂ ನಿಮ್ಮ ದನದ ಬಾಯಿಗೆ ಬಂದಿದೆಯೇ?

"ನಾಹೀ" ಎಂದೆ. ಅಷ್ಟು ಬೇಗ ನನ್ನ ಬಾಯಿಂದ ಸುಳ್ಳು ಹೇಗೆ ಬಂತೋ. ಅತ್ತೆ ಅಲ್ಲಿಯೇ ಇದ್ದರು. ನನ್ನನ್ನು ಬಯ್ಯುತ್ತಾರೆ ಎಂದು ಕಾದೆ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದರು.

ಬ್ಯಾನಿ ಹೊಕ್ಕಿದ್ದರೆ ನಾಲ್ಕರಿಂದ ಒಂಬತ್ತು ದಿನದೊಳಗೆ ತೋರುತ್ತದೆ. ಮೊದಲು ಜ್ವರ. ಆಮೇಲೆ ವಸಡಿನ ಮೇಲೆ ತೌಡು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಡಾಕ್ಟರು ಹಾಗೆಯೇ ಹೇಳಿದರು, ತೌಡಿನ ಹಾಗೆ ಎಂದು. ಇನ್ನು ಯಾವುದರ ಹೋಲಿಕೆಯೂ ಅವರಿಗೆ ಸಿಗಲಿಲ್ಲ.

೧೫ ಮಾರ್ಚ್, ಶುಕ್ರವಾರ

ನಾಲ್ಕನೆಯ ದಿನ. ಡಾಕ್ಟರು ಕೊಟ್ಟುಹೋದ ಜ್ವರದ ಕಡ್ಡಿ ಇಟ್ಟು ನೋಡಿದೆ. ನೂರಾ ಒಂದೂವರೆ. ಆಕಳಿಗೆ ಅದು ಸರಿಯಂತೆ. ಸಂಜೆಯವರೆಗೆ ಆರು ಸಲ ತುಟಿ ಎತ್ತಿ ನೋಡಿದೆ. ಪಾಪ, ಈಗ ನಾನು ಹತ್ತಿರ ಹೋದರೆ ಅದೇ ಮುಖ ಎತ್ತುತ್ತದೆ.

ಹಾಲು: ಹದಿನೇಳು ೧೧ ಸೇರು.

೧೬ ಮಾರ್ಚ್, ಶನಿವಾರ

ಇದು ಹೋದರೆ ಪುಣೆಯಲ್ಲಿ ನಮಗೆ ಉಳಿಯುವುದು ಏನೂ ಇಲ್ಲ. ಮೂರು ಆಕಳು ಮಾರಿ ತಂದ ಒಂದು. ವಸತಿಗೃಹದವರು ಬೇರೆ ಗೌಳಿಯನ್ನು ಹುಡುಕಿಕೊಳ್ಳುತ್ತಾರೆ. ನಮ್ಮವರು ಏನೂ ಅನ್ನುವುದಿಲ್ಲ, ಅದೇ ದೊಡ್ಡ ಹೆದರಿಕೆ. ಅತ್ತೆಯೂ ಅನ್ನದಿದ್ದರೆ ನಾನು ಈ ಮನೆಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ?

ಯಾಕೆ ಇದನ್ನೇ ಆರಿಸಿದೆ? ಲೆಕ್ಕ, ಲೆಕ್ಕ ಎಂದು ಎಲ್ಲರಿಗೂ ಹೇಳಿದೆ. ಈ ಪುಸ್ತಕಕ್ಕೂ ಅದನ್ನೇ ಹೇಳಿದ್ದೇನೆ. ಇಲ್ಲಿಯಾದರೂ ನಿಜ ಬರೆಯಬೇಕು.

ಆರು ವರ್ಷದ ಹಿಂದೆ ಕೆಂಚಿಯ ತಾಯಿಯ ಕರು ಸತ್ತಿತು. ಕರು ಎದುರಿಗಿಲ್ಲದಿದ್ದರೆ ನಮ್ಮ ಕಡೆಯ ಆಕಳು ಹಾಲು ಬಿಡುವುದಿಲ್ಲ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಎದುರಿಗೆ ನಿಲ್ಲಿಸಿದರು. ಆಕಳು ಅದನ್ನು ನೆಕ್ಕಿತು, ನೆಕ್ಕುತ್ತ ಹಾಲು ಬಿಟ್ಟಿತು. ನಾನು ಹೆರಿಗೆಯಾಗಿ ಎದ್ದು ತಿರುಗಾಡತೊಡಗಿ ಅದು ಮೂರನೆಯ ದಿನ. ನನ್ನ ಕೂಸು ಹನ್ನೊಂದು ದಿನ ಬದುಕಿತ್ತು. ನನ್ನ ಕುಪ್ಪಸ ಒದ್ದೆಯಾಗುತ್ತಿತ್ತು. ಆ ಹುಲ್ಲಿನ ಕರುವನ್ನು ನೋಡಿ ನಾನು ಹಿತ್ತಲಿಗೆ ಓಡಿ ಅತ್ತುಬಿಟ್ಟೆ.

ವಿಲಾಯತಿ ರಕ್ತದ ಆಕಳು ಕರು ಇರಲಿ ಬಿಡಲಿ ಹಾಲು ಕೊಡುತ್ತದೆ ಎಂದು ಲಿಲಾವಿನಲ್ಲಿ ಯಾರೋ ಹೇಳಿದರು. ಅಲ್ಲಿಯೇ ನಿರ್ಧಾರವಾಯಿತು. ಸೇರಿನ ಲೆಕ್ಕ ಆಮೇಲೆ ಹಾಕಿದ್ದು.

೧೭ ಮಾರ್ಚ್, ಭಾನುವಾರ

ಬೆಳಿಗ್ಗೆ ತುಟಿ ಎತ್ತಿದೆ. ವಸಡಿನ ಮೇಲೆ ಬಿಳಿ ಚುಕ್ಕೆ.

ಗೋದಲಿ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತೆನೋ. ಕೊನೆಗೆ ಹೆಬ್ಬೆರಳಿನಿಂದ ಒರೆಸಿದೆ. ಬಂತು. ತೌಡೇ, ಬೆಳಗಿನ ಮುಸುರೆಯ ತೌಡು. ಅಲ್ಲಿಯೇ ಕುಕ್ಕರಿಸಿ ಜೋರಾಗಿ ಅತ್ತುಬಿಟ್ಟೆ. ಗೋಡೆಯ ಆಚೆಯಿಂದ ಅತ್ತೆ, "ಏನಾತ ಪಾರವ್ವ?" ಎಂದರು. ಏನಿಲ್ಲ ಎಂದೆ. ಅವರು ಈ ಕಡೆ ಬರಲಿಲ್ಲ. ನಿನ್ನೆಯಿಂದ ಅವರು ಕೆಂಚಿಯ ಬಳಿಯಿಂದ ಏಳುತ್ತಲೇ ಇಲ್ಲ.

ನಾಳೆ ಸೂಜಿ ಹಾಕಿಸುತ್ತೇನೆ. ಐದರಲ್ಲಿ ಮೂರು ಬದುಕಿದವಲ್ಲ.

೧೮ ಮಾರ್ಚ್, ಸೋಮವಾರ

ಇವತ್ತು ಅತ್ತೆ ಲಿಂಗಕ್ಕೆ ಬರಿಯ ನೀರು ಎರೆದರು. ನನ್ನ ಮದುವೆಯಾದ ಮೇಲೆ ಇಂಥ ಸೋಮವಾರ ಬಂದಿರಲಿಲ್ಲ.

"ಕೆಂಚಿ ಹಿಂಡಲಿಲ್ಲೇನ್ರಿ?"

"ಅದರ ಬಾಯಿ ನೋಡು. ಒಳಗ ಬರಬ್ಯಾಡ, ಬಾಗಲದಾಗಿಂದ ನೋಡು."

ಅವರೇ ಕೆಂಚಿಯ ತುಟಿ ಎತ್ತಿ ಹಿಡಿದರು. ಒರೆಸಿ ತೋರಿಸಿದರು. ಚುಕ್ಕೆ ಹೋಗಲಿಲ್ಲ, ಅದರ ಕೆಳಗೆ ರಕ್ತ ಬಂತು.

"ಆ ತೌಡು ಇದಕ್ಕ ತಿನ್ನಿಸಿದ್ದೆ" ಎಂದರು. "ಓಣಿಯವರ ಮರ್ಯಾದಿ ತೌಡು. ಹಿಣಿಲಿಲ್ಲದ್ದಕ್ಕ ಹಾಕಾಕ ಮನಸ ಆಗಲಿಲ್ಲ ನನಗ. ನನ್ನ ಕೈಯಾರೆ ತಿನ್ನಿಸಿದೆ, ಪಾರವ್ವ."

ಐದು ದಿನ ನಾನು ಹೆದರಿದ್ದು ಗೋಡೆಯ ಈ ಕಡೆ. ಬ್ಯಾನಿ ಇದ್ದದ್ದು ಆ ಕಡೆ. ಒಂದು ಕ್ಷಣ, ಒಂದೇ ಕ್ಷಣ, ಹದಿನೇಳು ಉಳಿಯಿತು ಎಂದು ಸಂತೋಷವಾಯಿತು. ಅದಕ್ಕೆ ನನಗೆ ಕ್ಷಮೆ ಇಲ್ಲ. ಗಿಣ್ಣ ಕಳಿಸುವ ಹಟ ಯಾರದು?

ಡಾಕ್ಟರು ಬಂದಾಗ ಇಬ್ಬರೂ ನಿಜ ಹೇಳಿದೆವು. ಅವರು ಬಯ್ಯಲಿಲ್ಲ. ನಡುವೆ ಗೋಡೆ ಇದೆ, ಹಿಂಡುವ ಕೈ ಬೇರೆ, ನೀರಿನ ತೊಟ್ಟಿ ಬೇರೆ, ಹಾಗಾಗಿ ಆಸೆ ಇದೆ ಎಂದರು. ಕೆಂಚಿ ಈಗಲೇ ಇಲ್ಲಿಂದ ಹೋಗಬೇಕು. ಹದಿನೇಳಕ್ಕೆ ಸೂಜಿ ಹಾಕುವುದೋ ಬಿಡುವುದೋ, ಈಗಲೇ ಹೇಳಬೇಕು. ನಾನು ಹಾಕಿರಿ ಎನ್ನಲು ಬಾಯಿ ತೆರೆದೆ.

"ಬ್ಯಾಡ" ಎಂದರು ಅತ್ತೆ. "ಹಸಿ ಬಾಣಂತಿ ಅದು. ಬಾಣಂತಿಗೆ ಯಾರರ ಸೂಜಿ ಚುಚ್ಚಸ್ತಾರೇನು? ನಾನೂ ಕೆಂಚೀನೂ ಕಾಲುವಿ ಆಚೆ ಹೋಗತೀವಿ. ಬ್ಯಾನಿ ನಾ ತಂದದ್ದು, ನನ್ನ ಕೂಡನ ಹೋಗಲಿ."

ಸೂಜಿ ಬೇಡ ಎಂದು ನಾನೇ ಡಾಕ್ಟರಿಗೆ ಹೇಳಿದೆ. ಯಾಕೆ ಹೇಳಿದೆನೋ. ಅತ್ತೆ ಅದನ್ನು ಬಾಣಂತಿ ಎಂದರಲ್ಲ, ಅದಕ್ಕಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕೆಂಚಿಯನ್ನೂ ಅದರ ಕರುವನ್ನೂ ಹಿಡಿದು, ಹೆಗಲಿಗೆ ಒಂದು ಕಂಬಳಿ ಹಾಕಿಕೊಂಡು ಕಾಲುವೆಯ ಸೇತುವೆ ದಾಟಿದರು. ಆ ದಂಡೆಯಲ್ಲಿ ಪಾಳು ಬಿದ್ದ ಕಾವಲುಗಾರನ ಗುಡಿಸಲಿದೆ. ತಿರುಗಿ ನೋಡಲಿಲ್ಲ.

೧೯ ಮಾರ್ಚ್, ಮಂಗಳವಾರ

ರೊಟ್ಟಿ ಬುತ್ತಿಯನ್ನು ಸೇತುವೆಯ ನಡುವೆ ಇಟ್ಟು ಹಿಂದೆ ಸರಿದೆ. ಅವರು ಬಂದು ಒಯ್ದರು. ನಡುವೆ ಕಾಲುವೆಯ ನೀರು. ಇಬ್ಬರೂ ಕೂಗಿ ಮಾತಾಡಬೇಕು.

"ಬಾಣಂತಿ ಮೇವು ತಿಂತೇನ?"

"ತಿಂದದರಿ! ಕೆಂಚಿ?"

ಅವರು ಕೈಯಾಡಿಸಿದರು. ಅದರ ಅರ್ಥ ತಿಳಿಯಲಿಲ್ಲ.

೨೧ ಮಾರ್ಚ್, ಗುರುವಾರ

ಹದಿನೇಳಕ್ಕೆ ನೂರಾ ನಾಲ್ಕು ಜ್ವರ.

೨೨ ಮಾರ್ಚ್, ಶುಕ್ರವಾರ

ನೂರಾ ನಾಲ್ಕು. ಮೇವು ಮುಟ್ಟಿಲ್ಲ. ವಸಡಿನಲ್ಲಿ ಏನೂ ಇಲ್ಲ, ಈಗ ಇಲ್ಲ. ಕರುವನ್ನು ಅಡಿಗೆಮನೆಗೆ ತಂದು ಕಟ್ಟಿದ್ದೇನೆ. ಸೂಜಿ ಬೇಡ ಎಂದವಳು ನಾನು. ಸೇತುವೆಯ ಹತ್ತಿರ ಅತ್ತೆ ಕೇಳಿದಾಗ ತಿನ್ನುತ್ತಿದೆ ಎಂದು ಕೂಗಿದೆ. ಇನ್ನೊಂದು ಸುಳ್ಳು.

೨೩ ಮಾರ್ಚ್, ಶನಿವಾರ

ಡಾಕ್ಟರು ಬಂದು ಬಾಯಿ ನೋಡಿದರು, ಕಣ್ಣು ನೋಡಿದರು, ಕೊನೆಗೆ ಕೆಚ್ಚಲು ಮುಟ್ಟಿ ನಕ್ಕರು. ಹಿಂದಿನ ಎಡಮೊಲೆ ಬಾತಿದೆ, ಜ್ವರ ಅದರದ್ದು, ಬ್ಯಾನಿಯದಲ್ಲ. ಹೆದರಿಕೆಯಲ್ಲಿ ನಾನು ಬಾಯಿಯೊಂದನ್ನೇ ನೋಡುತ್ತ, ನೆಟ್ಟಗೆ ಹಿಂಡಿರಲಿಲ್ಲ. ಬಿಸಿನೀರಿನ ಶಾಖ ಕೊಟ್ಟು ಗಂಟೆಗೊಮ್ಮೆ ಹಿಂಡಿದೆ. ಸಂಜೆಗೆ ನೂರಾ ಎರಡು.

ಸೇತುವೆಗೆ ಓಡಿ ಹೋಗಿ ನಿನ್ನೆಯ ಸುಳ್ಳನ್ನೂ ಇವತ್ತಿನ ನಿಜವನ್ನೂ ಒಟ್ಟಿಗೆ ಕೂಗಿದೆ. ಅತ್ತೆ ತಿರುಗಿ ಕೂಗಿದರು, "ಕೆಂಚಿ ಕರು ಹೋತು."

೨೪ ಮಾರ್ಚ್, ಭಾನುವಾರ

ಕೆಂಚಿ ಎದ್ದು ನಿಂತಿದೆಯಂತೆ. ಭೇದಿ ನಿಂತಿದೆ, ಬಾಯಿಯ ಹುಣ್ಣು ಮಾಯುತ್ತಿದೆ. ಊರಿನ ತಳಿಯ ಗಟ್ಟಿತನ ಎಂದರೆ ಇದೇ ಎಂದು ಡಾಕ್ಟರು ಮೆಚ್ಚಿದರು. ಆದರೆ ಅದು ಗುಡಿಸಲ ಸುತ್ತ ತಿರುಗುತ್ತ ಕರುವನ್ನು ಹುಡುಕುತ್ತಿದೆ. ಇಲ್ಲಿಯವರೆಗೂ ಅದರ ಕೂಗು ಕೇಳುತ್ತದೆ. ಮೇವು ಮುಟ್ಟುತ್ತಿಲ್ಲ.

ಸಂಜೆ ಅತ್ತೆ ಆ ದಂಡೆಯಿಂದ ಕೇಳಿದರು, "ಪಾರವ್ವ, ಖರೆ ಹೇಳು. ಅದನ್ನ ಯಾಕ ಆರಿಸಿದಿ?"

ಕೂಗಿ ಹೇಳುವ ಮಾತೇ ಅದು? ಆದರೂ ಕೂಗಿದೆ. "ಕರು ಸತ್ತರೂ ಹಾಲ ಕೊಡತದ ಅಂದರ್ರಿ! ಹುಲ್ಲಿನ ಕರು ಮತ್ತೊಮ್ಮೆ ನೋಡಾಕ ನನ್ನ ಕೈಲೆ ಆಗೂದಿಲ್ಲರಿ ಅತ್ತೀ!"

ದಾರಿಯಲ್ಲಿ ಹೋಗುವವನೊಬ್ಬ ನಿಂತು ನೋಡಿದ. ಅತ್ತೆ ಗುಡಿಸಲ ಒಳಗೆ ಹೋದರು.

೨೫ ಮಾರ್ಚ್, ಸೋಮವಾರ

ಬುತ್ತಿ ಒಯ್ಯಲು ಬಂದ ಅತ್ತೆ ಸೇತುವೆಯ ಆ ತುದಿಯಲ್ಲಿ ಕುಳಿತರು. ಇವತ್ತು ಕೂಗಲಿಲ್ಲ, ಗಾಳಿ ಈ ಕಡೆ ಬೀಸುತ್ತಿತ್ತು, ಕೇಳಿಸಿತು.

"ನಾನೂ ಎರಡು ಕೂಸು ಕಳಕೊಂಡೀನಿ, ನಿನ್ನ ಗಂಡ ಅಪ್ಪಾಸಾಹೇಬ ಹುಟ್ಟೂಕಿಂತ ಮೊದಲ. ಮೂರನೇ ದಿನಕ್ಕ ಎಲ್ಲಾರೂ ಮರತು ರಾಶಿಗೆ ಹೋದರು. ಹಟ್ಟ್ಯಾಗ ಒಂದ ಆಕಳ ಕರು ಸತ್ತು ತಿಂಗಳಾದರೂ ಕೂಗತಿತ್ತು. ಇದಕ್ಕರ ನೆನಪದ ಅಂತ ಆ ತಳೀನ ಹಿಡದೆ. ಅವತ್ತಿಂದ ಬ್ಯಾರೆ ತಂದಿಲ್ಲ."

ನಾನು ಬೇಡವೆಂದು ಬಿಟ್ಟದ್ದನ್ನೇ ಅವರು ಬೇಕೆಂದು ಹಿಡಿದಿದ್ದರು. ನನ್ನ ಕೂಸು ಹೋಗಿ ಆರು ವರ್ಷ ಒಂದೇ ಮನೆಯಲ್ಲಿ ಇದ್ದೂ ಹಿಣಿಲು, ಸೇರು ಎಂದು ಜಗಳವಾಡಿದೆವು.

೨೭ ಮಾರ್ಚ್, ಬುಧವಾರ

ಕೆಂಚಿ ಹೋಯಿತು. ಬ್ಯಾನಿಯನ್ನು ಗೆದ್ದಿತ್ತು. ಏನನ್ನೂ ತಿನ್ನಲಿಲ್ಲ, ಅಷ್ಟೆ.

೪ ಏಪ್ರಿಲ್, ಗುರುವಾರ, ಯುಗಾದಿ

ಬಟ್ಟೆ ಸುಟ್ಟು, ಸ್ನಾನ ಮಾಡಿ, ಎರಡು ದಿನ ಬಿಟ್ಟು ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆ ಬರುವುದಿಲ್ಲ. ಇನ್ನೂ ನಾಲ್ಕು ದಿನ ಇರಲಿ ಎನ್ನುತ್ತಾರೆ. ಕೂದಲಿನಲ್ಲಿ, ಉಗುರಿನಲ್ಲಿ ಎಲ್ಲಾದರೂ ಬ್ಯಾನಿ ಉಳಿದಿದ್ದರೆ ಎಂಬ ಹೆದರಿಕೆ. ಸೇತುವೆಯ ನಡುವೆ ಹೊಸ ಸೀರೆ, ಬೇವುಬೆಲ್ಲ ಇಟ್ಟು ಬಂದೆ. ರಾಮಲಿಂಗಪ್ಪನವರ ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಉಳಿದಿವೆ.

೫ ಏಪ್ರಿಲ್, ಶುಕ್ರವಾರ

ನಮ್ಮವರ ಕಾರ್ಡು ಬಂತು. ಅಥಣಿಯಲ್ಲಿ ನಮ್ಮ ಹಳೆಯ ತಳಿಯ, ಇನ್ನೂ ಕರು ಹಾಕದ ಒಂದು ಮಣಕ ಇದೆಯಂತೆ, ಸುಳಿ ಚೆನ್ನಾಗಿದೆಯಂತೆ, ತರಲೇ ಎಂದು ಕೇಳಿದ್ದಾರೆ. ಕೂಡಲೇ ಉತ್ತರ ಬರೆದು ಹಾಕಿದೆ: ಅದಕ್ಕೆ ಬೆನ್ನು ತಿರುಗಿಸಿ ನಿಂತು ನೋಡಿರಿ. ಬಂದು ಮೂಸಿದರೆ ತನ್ನಿರಿ.

೮ ಏಪ್ರಿಲ್, ಸೋಮವಾರ

ಬ್ಯಾನಿಯ ಹೆಸರು ಓಣಿಯಲ್ಲಿ ಈಗ ಕೇಳುವುದಿಲ್ಲ. ಅತ್ತೆ ಬೆಳಿಗ್ಗೆ ಬಂದರು, ಭಾಳ ಸೊರಗಿದ್ದಾರೆ. ಕೆಂಚಿಯ ಗೋದಲಿಯ ಕಡೆ ನೋಡಲಿಲ್ಲ. ಪೂಜೆಯ ಬಟ್ಟಲು ಹಿಡಿದು ನೆಟ್ಟಗೆ ಗೋಡೆಯ ಈ ಕಡೆ ಬಂದು ಹದಿನೇಳರ ಬದಿಗೆ ನಿಂತರು. ಅಭ್ಯಾಸಬಲದಿಂದ ಅವರ ಕೈ ಅದರ ಹೆಗಲ ಮೇಲೆ ಹೋಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೈ ಹಾಗೆಯೇ ತುಸು ಹೊತ್ತು ನಿಂತಿತು. ಆಮೇಲೆ ಅದನ್ನು ಕಣ್ಣಿಗೆ ಒತ್ತಿಕೊಂಡರು.

"ಹಿಂಡು" ಎಂದರು.

ಬಟ್ಟಲು ತುಂಬಿದ ಮೇಲೆ ಉಳಿದ ಹಾಲು ಎಷ್ಟಾಯಿತು ಎಂದು ಈಗ ಬರೆಯಲು ಕುಳಿತರೆ ನೆನಪಿಲ್ಲ. ಅಳೆದೆನೋ ಇಲ್ಲವೋ.

ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಕೊಟ್ಟಿಗೆಯಿಂದ ಅತ್ತೆಯ ಕೂಗು ಕೇಳಿತು, ಎಂದೂ ಕೇಳದಂಥ ಕೂಗು. "ಪಾರವ್ವಾ! ಲಗೂನ ಬಾ! ಇದರ ಬಾಯಾಗ ಬೆಳ್ಳಗ ಏನೋ ಅದ!"

ಹಿಟ್ಟಿನ ಕೈಯಲ್ಲೇ ಓಡಿದೆ. ಎರಡೂ ಕೈಯಿಂದ ಬಾಣಂತಿಯ ತುಟಿ ಎತ್ತಿ ಹಿಡಿದು ನಿಂತಿದ್ದರು. ಮುಟ್ಟಲು ಧೈರ್ಯವಿಲ್ಲ ಅವರಿಗೆ. ನನಗೂ ಇರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ಇಟ್ಟು ಒರೆಸಿದೆ.

ಬಂತು. ತೌಡೇ.